ಪರದೇಶದ ಭಾನುವಾರ



ಪರದೇಶಕ್ಕೆ ಓದಲು ಹೊರಟವರಿಗೆ ಬುದ್ಧಿ ಹೇಳುವುದೆಂದರೆ ನಮ್ಮಂಥ ಅಧ್ಯಾಪಕರಿಗೆ ಬಲು ಉತ್ಸಾಹ. ಯಾವ ವಿಶ್ವವಿದ್ಯಾನಿಲಯ ಮೇಲು, ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಬೇಕು, ಶಿಫಾರಸು ಪತ್ರ ಹೇಗಿರಬೇಕು ಎಂಬುದನ್ನೆಲ್ಲ ಅವರು ಕೇಳದಿದ್ದರೂ ಹೇಳುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗಿನ ಬಾಳಿಗೆ ಬೇಕಾದ ಉಪದೇಶ ನಮ್ಮಲ್ಲಿ ಹೇರಳವಾಗಿದೆ. ಶನಿವಾರ ಭಾನುವಾರಗಳ ವಿಷಯದಲ್ಲಿ ಮಾತ್ರ ನಮಗೆ ಹೇಳಲು ಏನೂ ತೋರುವುದಿಲ್ಲ. ಅದೂ ಹೇಳಬೇಕಾದ ವಿಷಯವೆಂದು ನನಗೆ ತಿಳಿಸಿಕೊಟ್ಟವರು ಬಾಗಲಕೋಟೆಯ ಹತ್ತಿರದ ಶಿರೂರಿನ ಒಬ್ಬ ತಾಯಿ.

ಆಕೆಯ ಮಗಳು ನನ್ನ ವಿದ್ಯಾರ್ಥಿನಿ. ಹೊಲವನ್ನು ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದು ತಂದೆ ಅವಳನ್ನು ಲಂಡನ್ನಿಗೆ ಕಳುಹಿಸಿದರು. ಹೋಗು ಎಂದು ಹುರಿದುಂಬಿಸಿದವನು ನಾನು. ಸೆಪ್ಟೆಂಬರಿನಲ್ಲಿ ಹುಡುಗಿ ಹೊರಟಳು. ಡಿಸೆಂಬರಿನ ಮೊದಲಲ್ಲಿ ಆ ತಾಯಿ ನನ್ನ ಮನೆಗೆ ಬಂದರು. ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಕೇಳಿದರು: "ಸರ, ಅಲ್ಲೆ ವಾರಕ್ಕ ಎರಡು ದಿವಸ ಸೂಟಿ ಅಂತಲ್ರಿ. ಆ ಎರಡು ದಿವಸ ನಮ್ಮ ಹುಡುಗಿ ಒಬ್ಬಾಕಿನ ಏನ ಮಾಡತಾಳ್ರಿ? ಫೋನಿನ್ಯಾಗ ಕೇಳಿದ್ರ, ಅಲ್ಲಿ ಹೋಗಿದ್ದೆ, ಇಲ್ಲಿ ಹೋಗಿದ್ದೆ, ಆರಾಮ ಅದೀನಿ ಯವ್ವಾ ಅಂತಾಳ. ದನಿ ಆರಾಮ ಇಲ್ರಿ."

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿಯೇ ಹುಡುಗಿಗೆ ಬರೆದೆ: "ಪಾಠದ ಸುದ್ದಿ ಬೇಡ, ನಿನ್ನ ಒಂದು ಭಾನುವಾರದ ವರದಿಯನ್ನು ಮಾತ್ರ ಕಳುಹಿಸು." ಉತ್ತರ ಬಂದದ್ದು ಜನವರಿಯ ಕೊನೆಯಲ್ಲಿ. "ನಿಮ್ಮ ಪ್ರಶ್ನೆ ಬಂದ ದಿನ ಉತ್ತರ ಬರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ" ಎಂದೇ ಪತ್ರದ ಆರಂಭ. ಅದರ ಸಾರವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಇದಕ್ಕೆ ಅವಳ ಒಪ್ಪಿಗೆಯುಂಟು. ತಾಯಿಗೆ ಹೇಳಬೇಕಾದುದನ್ನು ಅವಳೇ ಮೊದಲು ಹೇಳಿಯೂ ಆಗಿದೆ.

ವಾರದ ದಿನಗಳು ಹೇಗೋ ಸಾಗುತ್ತವೆ. ಐದು ಜನ ಹಂಚಿಕೊಂಡ ಮನೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡಿಗೆಮನೆ. ಹಗಲು ಪಾಠ, ಪುಸ್ತಕಾಲಯ; ಮೂರು ಸಂಜೆ ಒಂದು ಅಂಗಡಿಯಲ್ಲಿ ಕೆಲಸ. ವಿದ್ಯಾರ್ಥಿಯಾಗಿ ಬಂದವರು ಪಾಠ ನಡೆಯುವ ಕಾಲದಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯಬಾರದೆಂಬುದು ಅಲ್ಲಿಯ ನಿಯಮ. ಆ ಸಂಬಳದಲ್ಲಿ ಊಟ, ಬಸ್ಸು. ಬಾಡಿಗೆಗೆ ಸಾಲದ ಹಣ. ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯುವುದು, ಒಂದು ವಾರಕ್ಕಾಗುವಷ್ಟು ಪಲ್ಯ ಮಾಡಿಡುವುದು. ಇಷ್ಟು ಮುಗಿಯುವ ಹೊತ್ತಿಗೆ ಮಧ್ಯಾಹ್ನ. ಅಲ್ಲಿಂದ ಸೋಮವಾರ ಬೆಳಗಿನವರೆಗೆ ಅವಳನ್ನು ಯಾರೂ ಕರೆಯುವುದಿಲ್ಲ, ಅವಳಿಗಾಗಿ ಯಾರೂ ಕಾಯುವುದಿಲ್ಲ.

ಶಿರೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಎಂಥ ಅನುಭವವೆಂಬುದನ್ನು ಊಹಿಸಿಕೊಳ್ಳಬೇಕು. ನಮ್ಮ ಕಡೆಯ ಮನೆಯಲ್ಲಿ ಬಾಗಿಲು ಮುಚ್ಚಿ ಒಂದು ಗಂಟೆ ಒಬ್ಬರೇ ಕುಳಿತರೆ, ಮೈಗೆ ಆರಾಮವಿಲ್ಲವೇ ಎಂದು ನೆರೆಯವರು ಬಂದು ಕೇಳುತ್ತಾರೆ. ಅಲ್ಲಿ ಮೂವತ್ತಾರು ಗಂಟೆ ಬಾಗಿಲು ಮುಚ್ಚಿದ್ದರೂ ಕೇಳುವವರಿಲ್ಲ. ಚಳಿಗಾಲದಲ್ಲಿ ಲಂಡನ್ನಿಗೂ ನಮಗೂ ಐದೂವರೆ ಗಂಟೆಯ ಅಂತರ. ಇಲ್ಲಿ ರಾತ್ರಿ ಒಂಬತ್ತಕ್ಕೆ ತಾಯಿ ಮಾತನಾಡಿಸಿದರೆ ಅಲ್ಲಿ ಮಧ್ಯಾಹ್ನ ಮೂರೂವರೆ. ಡಿಸೆಂಬರಿನಲ್ಲಿ ನಾಲ್ಕರ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗುತ್ತಾನೆ. ತಾಯಿಯ ಮಾತು ಮುಗಿಯುವುದಕ್ಕೂ ಕತ್ತಲಾಗುವುದಕ್ಕೂ ಸರಿಹೋಗುತ್ತಿತ್ತು. ಮೊದಲಿನ ಎರಡು ತಿಂಗಳು ಅವಳು ಯಾವ ಸ್ಥಳವನ್ನೂ ನೋಡಲಿಲ್ಲ. ಖರ್ಚಿನ ಭಯ ಒಂದು. ಒಬ್ಬಳೇ ಹೊರಡುವ ಸಂಕೋಚ ಇನ್ನೊಂದು. ಆದರೆ ತಾಯಿ ಕೇಳಿದಾಗ ಏನಾದರೂ ಹೇಳಬೇಕಲ್ಲ! ಮೊಬೈಲಿನಲ್ಲಿ ಚಿತ್ರ ನೋಡಿ, ಗೋಪುರ ಕಂಡೆ, ಸೇತುವೆ ದಾಟಿದೆ, ಗೆಳತಿಯರೊಡನೆ ಉದ್ಯಾನಕ್ಕೆ ಹೋದೆ ಎಂದು ವರ್ಣಿಸುತ್ತಿದ್ದಳು. "ಅವ್ವನಿಗೆ ಹೇಳಿದ ಲಂಡನ್ ಬೇರೆ, ನಾನಿದ್ದ ಲಂಡನ್ ಬೇರೆ" ಎಂದು ಬರೆದಿದ್ದಾಳೆ. ಆ ವರ್ಣನೆಯ ಕೊರತೆಯನ್ನು ತಾಯಿ ದನಿಯಲ್ಲೇ ಕಂಡುಕೊಂಡಿದ್ದರು.

ಇದನ್ನು ಒಬ್ಬ ಹುಡುಗಿಯ ದೌರ್ಬಲ್ಯವೆಂದು ಭಾವಿಸಬಾರದು. ೧೮೮೮ರಲ್ಲಿ ಅದೇ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಎಂಬ ತರುಣ ಮೊದಮೊದಲು ರಾತ್ರಿಯೆಲ್ಲ ಮನೆಯನ್ನೂ ತಾಯಿಯನ್ನೂ ನೆನೆದು ಅಳುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರನ್ನು ಉಳಿಸಿದ್ದು ನಡಿಗೆ. ತಾಯಿಗೆ ಕೊಟ್ಟ ಮಾತಿನಂತೆ ಮಾಂಸ ಮುಟ್ಟದೆ, ಸಸ್ಯಾಹಾರದ ಊಟದ ಮನೆಯನ್ನು ಹುಡುಕುತ್ತ ದಿನಕ್ಕೆ ಮೈಲಿಗಟ್ಟಲೆ ಅಲೆದರು. ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಅದು ಸಿಕ್ಕಿತು. ಮುಂದೆ ಖರ್ಚು ಕಡಮೆ ಮಾಡಲು ಒಂದೇ ಕೋಣೆಗೆ ಬಂದು, ತಾವೇ ಗಂಜಿ ಕಾಸಿಕೊಂಡು, ಪೈಸೆಪೈಸೆಗೆ ಲೆಕ್ಕ ಬರೆದಿಟ್ಟರು. ಪ್ರತಿದಿನ ಎಂಟು ಹತ್ತು ಮೈಲಿ ನಡೆಯುವುದನ್ನು ಬಿಡಲಿಲ್ಲ. ಆ ನಡಿಗೆಯಲ್ಲೇ ಅವರಿಗೆ ಸಸ್ಯಾಹಾರ ಸಂಘದ ಗೆಳೆಯರೂ ದೊರೆತರು. ಊರು ಕಾಲಿಗೆ ಪರಿಚಯವಾದ ಮೇಲೆ ಮನಸ್ಸಿಗೆ ಪರಿಚಯವಾಯಿತು.

ಅಂದಹಾಗೆ, ಈ ವಾರಾಂತ್ಯದ ವಿರಾಮವೆಂಬುದು ಇಂಗ್ಲೆಂಡಿನಲ್ಲಿಯೂ ಅನಾದಿಯದಲ್ಲ. ಭಾನುವಾರ ದೇವರದು, ಉಳಿದ ಆರು ದಿನ ಗಿರಣಿಯದು ಎಂಬ ಸ್ಥಿತಿಯಿತ್ತು. ೧೮೫೦ರ ಕಾರ್ಖಾನೆ ಶಾಸನದಿಂದ ಬಟ್ಟೆಯ ಗಿರಣಿಗಳಲ್ಲಿ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದಾಯಿತು. ಅರ್ಧ ದಿನ ಸಿಕ್ಕಿತು, ಆದರೆ ಹೋಗುವುದೆಲ್ಲಿಗೆ? ಬೆಟ್ಟ ಬಯಲುಗಳೆಲ್ಲ ಜಮೀನುದಾರರ ಬೇಟೆಯ ನೆಲ. ೧೯೩೨ರ ಏಪ್ರಿಲ್ ೨೪ರಂದು ಮ್ಯಾಂಚೆಸ್ಟರ್ ಕಡೆಯ ತರುಣ ಕಾರ್ಮಿಕರು ನೂರಾರು ಮಂದಿ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಅಪ್ಪಣೆಯಿಲ್ಲದೆ ಹತ್ತಿದರು. ಅವರಲ್ಲಿ ಐವರು ಸೆರೆಮನೆ ಕಂಡರು. ಇಂದು ಯಾರು ಬೇಕಾದರೂ ಕಾಸು ಕೊಡದೆ ನಡೆಯಬಹುದಾದ ಕಾಲುದಾರಿಗಳು ಆ ದೇಶದ ಹೊಲಗದ್ದೆಗಳ ನಡುವೆಯೇ ಹಾದುಹೋಗುತ್ತವೆ. ಭಾನುವಾರವೂ ಹೋರಾಡಿ ಪಡೆದ ಸ್ವತ್ತು. ಹೀಗಿರುವಾಗ ಅದನ್ನು ಕೋಣೆಯೊಳಗೆ ಕಳೆಯುವುದು ನ್ಯಾಯವೇ?

ನಮ್ಮ ಹುಡುಗಿಯನ್ನು ಹೊರಗೆ ಎಳೆದವಳು ಪಕ್ಕದ ಕೋಣೆಯ ನೈಜೀರಿಯದ ಗೆಳತಿ. "ನಡೆಯುವುದಕ್ಕೆ ದುಡ್ಡು ಬೇಕೆ?" ಎಂಬುದೇ ಅವಳ ವಾದ. ಡಿಸೆಂಬರಿನ ಒಂದು ಭಾನುವಾರ ಇಬ್ಬರೂ ಥೇಮ್ಸ್ ನದಿಯ ದಂಡೆಯನ್ನು ಹಿಡಿದು ಹೊರಟರು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಒಂದು ಪ್ರತಿಮೆಯ ಮುಂದೆ ಶಿರೂರಿನ ಹುಡುಗಿ ನಿಂತುಬಿಟ್ಟಳು. ಅದು ಬಸವೇಶ್ವರರ ಪ್ರತಿಮೆ. ಲ್ಯಾಂಬೆತ್ ನಗರಸಭೆಯ ಮೇಯರರಾಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನೆಲೆಗೊಂಡು, ೨೦೧೫ರ ನವೆಂಬರ್ ೧೪ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡದ್ದು. "ಇವನಾರು?" ಎಂದು ಗೆಳತಿ ಕೇಳಿದಳು. ನಮ್ಮ ಜಿಲ್ಲೆಯಲ್ಲೇ ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮವನ್ನೂ, ಹನ್ನೆರಡನೆಯ ಶತಮಾನವನ್ನೂ, ದುಡಿಮೆಗೆ ಮೇಲುಕೀಳಿಲ್ಲವೆಂದ ಶರಣರನ್ನೂ ಕುರಿತು ಹುಡುಗಿ ಅರ್ಧ ಗಂಟೆ ಮಾತನಾಡಿದಳಂತೆ. ಎರಡು ತಿಂಗಳಲ್ಲಿ ಅಷ್ಟು ಹೊತ್ತು ಒಟ್ಟಿಗೆ ಮಾತನಾಡಿದ್ದು ಅದೇ ಮೊದಲು.

ಮುಂದಿನ ಶನಿವಾರ ಬ್ರಿಟಿಷ್ ಮ್ಯೂಸಿಯಂ. ೧೭೫೯ರಲ್ಲಿ ಜನರಿಗೆ ತೆರೆದ ಆ ಸಂಗ್ರಹಾಲಯಕ್ಕೆ ಇಂದಿಗೂ ಪ್ರವೇಶ ಶುಲ್ಕವಿಲ್ಲ. ಬಡ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ. ಅಮರಾವತಿಯ ಸ್ತೂಪದ ಶಿಲ್ಪಗಳ ಮುಂದೆ ಗೆಳತಿಯ ಇನ್ನೊಂದು ಪ್ರಶ್ನೆ: "ನಿಮ್ಮ ಊರಿನ ಹತ್ತಿರ ಇಂಥದೇನಾದರೂ ಇದೆಯೇ?" ಹುಡುಗಿ ನಾಚಿದಳು. ಐಹೊಳೆ ಶಿರೂರಿನಿಂದ ಹಗಲೊಂದರಲ್ಲಿ ಹೋಗಿಬರಬಹುದಾದ ದೂರ. ಮೇಗುತಿಯ ಗುಡಿಯಲ್ಲಿ ಕ್ರಿ.ಶ. ೬೩೪ರ ಶಾಸನ, ಇಮ್ಮಡಿ ಪುಲಿಕೇಶಿಯ ಕೀರ್ತಿಯನ್ನು ಹಾಡಿದ ರವಿಕೀರ್ತಿ ಅದರಲ್ಲಿ ಕಾಳಿದಾಸ ಭಾರವಿಗಳ ಹೆಸರನ್ನೂ ಎತ್ತಿದ್ದಾನೆ. ಇಷ್ಟನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಳು. ಆದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಮೆಟ್ಟಿಲು ಹತ್ತಿ, ಬುತ್ತಿ ಬಿಚ್ಚಿ ಉಂಡು ಇಳಿದದ್ದು ಬಿಟ್ಟರೆ, ಆ ಕಲ್ಲನ್ನು ನಿಂತು ನೋಡಿದವಳಲ್ಲ.

ನಾನೂ ಅವಳಷ್ಟೇ ನಾಚಬೇಕಾದವನು. ಆ ಶಾಸನವನ್ನು ಸಂಪಾದಿಸಿ ಪ್ರಕಟಿಸಿದವರಲ್ಲೊಬ್ಬರು ಜೆ. ಎಫ್. ಫ್ಲೀಟ್. ೧೮೬೭ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಮುಂಬಯಿ ಪ್ರಾಂತದ ಸರಕಾರಿ ಚಾಕರಿಗೆಂದು ಬಂದವರು. ಅವರಿಗೆ ನಮ್ಮ ನಾಡೇ ಪರದೇಶ. ಕಂದಾಯದ ಕೆಲಸದ ನಡುವೆ ದೊರೆತ ಬಿಡುವಿನಲ್ಲಿ ಕಲ್ಲುಗಳನ್ನು ಓದಿದರು. ನಮ್ಮ ಜನ ಹಾಡುತ್ತಿದ್ದ ಲಾವಣಿಗಳನ್ನೂ ಬರೆದುಕೊಂಡರು. ಆಳುವವರ ಅಧಿಕಾರ ಅವರ ಬೆನ್ನಿಗಿತ್ತು, ನಿಜ. ನಮ್ಮ ಹುಡುಗಿಗೆ ಅಂಥ ಬೆಂಬಲವಿಲ್ಲ. ಆದರೂ ಬಿಡುವನ್ನು ಹೇಗೆ ಕಳೆಯಬೇಕೆಂಬ ವಿಷಯದಲ್ಲಿ ಅವರಿಂದ ಕಲಿಯಬೇಕಾದುದುಂಟು.

ಪತ್ರದ ಕೊನೆಯ ಭಾಗ ಎಳ್ಳ ಅಮಾವಾಸ್ಯೆಯದು. ನಗರದ ಶ್ರೋತೃಗಳಿಗಾಗಿ ಒಂದು ಮಾತು: ಆ ದಿನ ನಮ್ಮ ಸೀಮೆಯಲ್ಲಿ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾದ ಹೋಳಿಗೆಗಳನ್ನು ಭೂತಾಯಿಗೆ ಎಡೆಮಾಡಿ, ಪೈರಿನ ಮೇಲೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಸೋಮವಾರ ಬಸವನ ದಿನವೆಂದು ಎತ್ತು ಹೂಡದ ನೇಮವೂ ಹಳ್ಳಿಗಳಲ್ಲಿ ಉಂಟು. ವಿರಾಮವನ್ನು ನಾವು ಪಶ್ಚಿಮದವರಿಂದ ಕಲಿತೆವೆಂದು ತಿಳಿಯಬೇಕಾಗಿಲ್ಲ. ಆದರೆ ನಮ್ಮ ವಿರಾಮ ಎತ್ತಿನೊಂದಿಗೆ, ಹೊಲದೊಂದಿಗೆ, ಬಳಗದೊಂದಿಗೆ ಹೆಣೆದುಕೊಂಡದ್ದು. ಅವೆಲ್ಲವನ್ನೂ ಬಿಟ್ಟು ಒಬ್ಬಳೇ ವಿರಮಿಸುವುದು ಹೇಗೆಂಬುದನ್ನು ಯಾವ ಹಬ್ಬವೂ ಅವಳಿಗೆ ಕಲಿಸಿರಲಿಲ್ಲ.

ಅಮಾವಾಸ್ಯೆಗೆ ಹತ್ತಿರದ ಭಾನುವಾರ ಅವಳೂ, ಗೆಳತಿಯೂ, ಮನೆಯ ಇನ್ನಿಬ್ಬರೂ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿದರು. ತರುಣರಿಗೆ ದೊರೆಯುವ ರಿಯಾಯಿತಿ ಚೀಟಿಯಿಂದ ಟಿಕೀಟಿನಲ್ಲಿ ಮೂರರಲ್ಲೊಂದು ಪಾಲು ಉಳಿಯಿತು. ಇಳಿದದ್ದು ಸರ‍್ರಿ ಪ್ರಾಂತದ ಬಾಕ್ಸ್ ಹಿಲ್ಲಿನ ಬುಡದಲ್ಲಿ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಆ ಗುಡ್ಡ ಅಪರಿಚಿತವಲ್ಲ. ೧೮೧೫ರಲ್ಲಿ ಹೊರಬಂದ ಜೇನ್ ಆಸ್ಟಿನ್ನಳ 'ಎಮ್ಮ' ಕಾದಂಬರಿಯ ವನಭೋಜನ, ಎಮ್ಮ ಬಡ ಮಿಸ್ ಬೇಟ್ಸಳ ಮನನೋಯಿಸಿದ ಪ್ರಸಂಗ, ಅಲ್ಲಿಯೇ ನಡೆಯುತ್ತದೆ. ಇಪ್ಪತ್ತು ವರ್ಷದಿಂದ ಅದನ್ನು ಪಾಠ ಹೇಳುತ್ತಿರುವ ನಾನು ಆ ಗುಡ್ಡವನ್ನು ಕಂಡಿಲ್ಲ. ಅದರ ನೆತ್ತಿಯಲ್ಲಿ, ಕೊರೆಯುವ ಗಾಳಿಯಲ್ಲಿ, ನನ್ನ ವಿದ್ಯಾರ್ಥಿನಿ ತಾಯಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ನಾಲ್ವರಿಗೆ ಹಂಚಿದಳು. ಹಂಚುವ ಮುನ್ನ ಒಂದು ತುಂಡು ಮುರಿದು ಹುಲ್ಲಿನ ಮೇಲೆ ಚೆಲ್ಲಿದಳು. ಗೆಳತಿ ಕಾರಣ ಕೇಳಲಿಲ್ಲ. ತನ್ನ ಅಜ್ಜಿಯೂ ಹೀಗೆಯೇ ಮೊದಲ ತುತ್ತನ್ನು ನೆಲಕ್ಕೆ ಕೊಡುತ್ತಿದ್ದಳೆಂದು ಮಾತ್ರ ಹೇಳಿದಳಂತೆ. ಅದೇ ರಾತ್ರಿ ಹುಡುಗಿ ತಾಯಿಗೆ ಹಿಂದಿನ ಸುಳ್ಳುಗಳನ್ನೆಲ್ಲ ಒಪ್ಪಿಕೊಂಡಳು.

ಕತ್ತಲೆ ಇನ್ನೂ ಬೇಗನೆಯೇ ಬರುತ್ತದೆ, ಸಾಲದ ಚಿಂತೆ ತೀರಿಲ್ಲ, ಕೆಲವು ಭಾನುವಾರಗಳು ಹಳೆಯ ಭಾನುವಾರಗಳಂತೆಯೇ ಕಳೆಯುತ್ತವೆ ಎಂದೂ ಅವಳು ಬರೆದಿದ್ದಾಳೆ. ಹಾಗೆ ಬರೆದದ್ದರಿಂದಲೇ ಉಳಿದದ್ದನ್ನು ನಾನು ನಂಬುತ್ತೇನೆ.

ಪರದೇಶದ ಬಿಡುವು ವ್ಯರ್ಥವೆನ್ನುವವರು ನಮ್ಮವರ ಉದಾಹರಣೆಗಳನ್ನು ನೋಡಬಹುದು. ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ಹೋದ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಪದವಿಯೊಂದನ್ನೇ ತರಲಿಲ್ಲ. 'ಸಮುದ್ರದಾಚೆಯಿಂದ' ಎಂಬ ಪ್ರವಾಸ ಕಥನವನ್ನೂ 'ಸಮುದ್ರ ಗೀತೆಗಳು' ಎಂಬ ಕವಿತೆಗಳನ್ನೂ ಕನ್ನಡಕ್ಕೆ ತಂದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಕಲಿತುಬಂದ ಡಾ. ಎಂ. ವಿ. ಗೋಪಾಲಸ್ವಾಮಿಗಳು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಅಲ್ಲಿಂದಲೇ. ಅದೂ ಪ್ರಾಧ್ಯಾಪಕರೊಬ್ಬರ ಬಿಡುವಿನ ಹವ್ಯಾಸ. ಇಂದು ನಾನು ಇಲ್ಲಿ ಆಡುವ ಮಾತು ನಿಮ್ಮ ಮನೆಗೆ ಮುಟ್ಟುವುದರಲ್ಲಿ ಆ ಹವ್ಯಾಸದ ಋಣವಿದೆ.

ಮಕ್ಕಳನ್ನು ದೂರ ಕಳುಹಿಸಿರುವ ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಅಂಕವೆಷ್ಟು ಬಂತೆಂದು ಕೇಳುವ ಮೊದಲು ಭಾನುವಾರ ಹೇಗೆ ಕಳೆಯಿತೆಂದು ಕೇಳಿರಿ. ಚೆನ್ನಾಗಿರಲಿಲ್ಲವೆಂಬ ಉತ್ತರ ಬಂದರೆ ಗಾಬರಿಪಡದೆ ಕೇಳಿಸಿಕೊಳ್ಳಿರಿ. ನಿಮ್ಮ ಗಾಬರಿಗೆ ಅಂಜಿಯೇ ಅವರು ಸುಳ್ಳು ಹೇಳುವುದು. ನಮ್ಮಂಥ ಅಧ್ಯಾಪಕರೂ ಮಕ್ಕಳು ವಿಮಾನ ಹತ್ತುವ ಮುನ್ನವೇ ಒಂದು ಭಾನುವಾರ ಅವರನ್ನು ಮೇಗುತಿಯ ಬಂಡೆಯ ಮೇಲಕ್ಕೆ ಕರೆದೊಯ್ಯಬೇಕು. ಸ್ವಂತ ಊರನ್ನು ನಡೆದು ನೋಡಿದವರಿಗೆ ಪರ ಊರಿನಲ್ಲಿ ನಡೆಯುವ ಧೈರ್ಯ ಬರುತ್ತದೆ.

ಪತ್ರವನ್ನು ಹಿಡಿದುಕೊಂಡು ನಾನು ಶಿರೂರಿಗೆ ಹೋದೆ. ತಾಯಿಗೆ ಪೂರ್ತಿ ಓದಿ ಹೇಳಿದೆ. ಬಸವೇಶ್ವರರ ಪ್ರತಿಮೆಯೆಂದಾಗ ಕೈಮುಗಿದರು. ಗುಡ್ಡದ ಮೇಲೆ ಚರಗ ಚೆಲ್ಲಿದಳೆಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಬೆರಳು ಮಡಿಸಿ ಏನೋ ಎಣಿಸಿದರು. "ನಾಕು ಮಂದಿಗೆ ಹಂಚ್ಯಾಳಂದ್ರ ರೊಟ್ಟಿ ಮುಗದಿರತಾವ ಸರ. ಆ ಕಡೆ ಹೋಗೋರು ಯಾರರ ಅದಾರೇನ್ರಿ?"

ಹೋಗುವವರನ್ನು ಹುಡುಕುತ್ತಿದ್ದೇನೆ.