ಅಭ್ಯರ್ಥಿಯ ಪ್ರಮಾಣಪತ್ರ ಓದೋಣ
(ಹೈದರಾಬಾದಿನಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ದುಡಿಮೆಯವರು, ಗಿರಣಿಯ ದುಡಿಮೆಯವರು ಇಲ್ಲಿ ನೆರೆದಿದ್ದೇವೆ. ನಮ್ಮಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಇರಲಿ. ಆದರೆ ಓಟು ಕೇಳಲು ಬಂದವನು ಎಂಥವನೆಂದು ತಿಳಿಯುವ ಹಕ್ಕು ಎಲ್ಲರದೂ ಹೌದು.

ಈ ಹಕ್ಕು ತಾನಾಗಿ ಬಂದುದಲ್ಲ. 1996ರಲ್ಲಿ ಇದೇ ಊರಿನಲ್ಲಿ, ಐ.ಎ.ಎಸ್. ಹುದ್ದೆ ಬಿಟ್ಟ ಡಾ. ಜಯಪ್ರಕಾಶ ನಾರಾಯಣರು ‘ಲೋಕಸತ್ತಾ’ ಎಂಬ ಪಕ್ಷಾತೀತ ಚಳವಳಿ ಕಟ್ಟಿದರು. 1999ರ ಚುನಾವಣೆಯಲ್ಲಿ ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳ ಪಟ್ಟಿಯನ್ನು ಅದು ಪಕ್ಷಭೇದವಿಲ್ಲದೆ ಜನರ ಮುಂದಿಟ್ಟಿತು. ಅದೇ ವರ್ಷ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಕೋರ್ಟಿಗೆ ಹೋದರು. ಅಭ್ಯರ್ಥಿಯು ತನ್ನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯೆಗಳನ್ನು ಪ್ರಮಾಣ ಮಾಡಿ ತಿಳಿಸಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದನ್ನು ಮೊಟಕು ಮಾಡಲು ಪರಸ್ಪರ ಕಾದಾಡುವ ಪಕ್ಷಗಳೇ ಒಂದಾಗಿ ಕಾನೂನು ತಂದವು! 2003ರಲ್ಲಿ ಕೋರ್ಟು ಆ ತಡೆಯನ್ನು ರದ್ದು ಮಾಡಿತು.

ಲೋಕಸತ್ತಾ 2006ರಲ್ಲಿ ತಾನೇ ಪಕ್ಷವಾಯಿತು. 2009ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದದ್ದು ಕೂಕಟ್‌ಪಲ್ಲಿಯೊಂದೇ. ಪಕ್ಷಾತೀತರ ಹೋರಾಟದಿಂದ ದೊರೆತ ಪ್ರಮಾಣಪತ್ರವಾದರೋ ದೇಶಕ್ಕೆಲ್ಲ ಉಳಿಯಿತು.

ಮುಚ್ಚಿಡಲು ಅವರು ಒಂದಾಗಬಹುದಾದರೆ, ತಿಳಿಯಲು ನಾವೇಕೆ ಒಂದಾಗಬಾರದು? ಚುನಾವಣಾ ಆಯೋಗ ಪ್ರಕಟಿಸುವ ಈ ಪತ್ರಗಳು ಮೊಬೈಲಿನಲ್ಲೂ ಸಿಗುತ್ತವೆ. ಓದುಬಲ್ಲವರು ಸಂಘದ ಕೋಣೆಯಲ್ಲಿ ಎಲ್ಲ ಅಭ್ಯರ್ಥಿಗಳದನ್ನೂ ಗಟ್ಟಿಯಾಗಿ ಓದಲಿ. ತನ್ನ ಪಕ್ಷದವನದೆಂದು ಯಾರೂ ಹಾಳೆ ಮಗುಚಬಾರದು. ಕೈಗೆ ನೋಟು ತುರುಕುವವನಿಗೆ ಕೈಮುಗಿದು ಬೇಡವೆನ್ನೋಣ. ಆಮೇಲೆ ಓಟು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು.