ಎತ್ತರ ಕೇಳುವ ಮೊದಲು ಅಗಲ ಕೇಳಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಬಡಗಿ. ಕುರ್ಚಿ, ಮೇಜು, ಮಂಚ ಕೈಯಲ್ಲೇ ಮಾಡುತ್ತೇನೆ. ಜೊತೆಗೆ ಮಕ್ಕಳು ಹತ್ತಿ ಇಳಿದು ಆಡುವಂಥ ದೊಡ್ಡ ದೊಡ್ಡ ಆನೆ, ಮೀನು, ಬಸವನಹುಳು ಮಾಡುತ್ತೇನೆ. "ಇದಕ್ಕೆ ಹೈಸ್ಕೂಲು ಯಾಕಪ್ಪ ಬೇಕಿತ್ತು?" ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಹೇಳುವುದೇ ಇವತ್ತಿನ ನನ್ನ ಮಾತು.

ಚನ್ನಪಟ್ಟಣದ ಬೊಂಬೆ ನೀವೆಲ್ಲ ನೋಡಿದ್ದೀರಿ. ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅಂಗೈಯಗಲದ ಅಂಥ ಒಂದು ಆನೆಯನ್ನು ಹತ್ತು ಪಟ್ಟು ದೊಡ್ಡದು ಮಾಡಬೇಕು ಎನ್ನಿ. ಉದ್ದ, ಅಗಲ, ಎತ್ತರ ಮೂರೂ 10 ಪಟ್ಟು ಆದರೆ ತೂಕ 1000 ಪಟ್ಟು ಆಗುತ್ತದೆ. ಆ ಭಾರ ಹೊರುವ ಕಾಲಿನ ವಿಸ್ತೀರ್ಣ ಮಾತ್ರ 100 ಪಟ್ಟು. ಅಂದರೆ ಕಾಲಿನ ಒಂದೊಂದು ಚದರ ಇಂಚೂ 10 ಪಟ್ಟು ಭಾರ ಹೊರಬೇಕು. ಅದಕ್ಕೇ ದೊಡ್ಡ ಆನೆಗೆ ಕಾಲು ದಪ್ಪ ಇಡುತ್ತೇವೆ, ಹೊಟ್ಟೆ ಟೊಳ್ಳು ಮಾಡುತ್ತೇವೆ. ಇದು ನಿಮ್ಮ ಗಣಿತ ಪುಸ್ತಕದ ಘನಫಲದ ಲೆಕ್ಕವೇ.

ಸ್ಟೂಲಿನ ವಿಷಯವೂ ಹಾಗೆಯೇ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದ್ದರಿಂದ ನೆಲ ಏರುಪೇರಾಗಿದ್ದರೂ ಮೂರು ಕಾಲಿನ ಸ್ಟೂಲು ಅಲ್ಲಾಡುವುದಿಲ್ಲ. ಆದರೆ ಅಂಚಿನಲ್ಲಿ ಕೂತರೆ ಬೇಗ ಮಗುಚುತ್ತದೆ. ಅದಕ್ಕೇ ಕಾಲನ್ನು ಹೊರಕ್ಕೆ ಚಾಚಿ ಕೂರಿಸುತ್ತೇವೆ. ಕೂತವರ ಭಾರ ಕಾಲುಗಳ ನಡುವೆಯೇ ಇಳಿಯಬೇಕು.

ಇಲ್ಲಿಗೆ ಹತ್ತಿರದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ನೂರು ಅಡಿಗೂ ಎತ್ತರದ ತೇರುಗಳು ಬರುತ್ತವೆ. ಮರ, ಬಿದಿರು, ಹಗ್ಗ, ಬಣ್ಣದ ಬಟ್ಟೆ ಹಾಕಿ ನಮ್ಮ ಜನ ಕೈಯಾರೆ ಕಟ್ಟುವ ಇಷ್ಟು ದೊಡ್ಡ ಕಲಾಕೃತಿ ಬೇರೆಲ್ಲಿದೆ? ಅದನ್ನು ನೋಡಿಯೇ ನನಗೆ ದೊಡ್ಡದನ್ನು ಕಟ್ಟುವ ಆಸೆ ಹುಟ್ಟಿದ್ದು. ಆದರೆ 2024ರಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿ ಮಳೆಗೆ ತೇರುಗಳು ಉರುಳಿ ಜೀವಹಾನಿಯೂ ಆಯಿತು. ಕಟ್ಟುವವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಎತ್ತರ ಏರಿದಂತೆ ಭಾರದ ಕೇಂದ್ರವೂ ಮೇಲೇರುತ್ತದೆ, ಗಾಳಿ ತಳ್ಳುವ ಬಲವೂ ಹೆಚ್ಚುತ್ತದೆ. ಬುಡದ ಅಗಲ ಮಾತ್ರ ರಸ್ತೆಯ ಅಗಲ ಮೀರಲಾರದು. ನಮ್ಮೂರ ತೇರು ನಿಮ್ಮೂರದಕ್ಕಿಂತ ಎಷ್ಟು ಅಡಿ ಹೆಚ್ಚು ಎಂದು ಪೈಪೋಟಿ ನಡೆಯುವ ಕಡೆ, "ಬುಡ ಎಷ್ಟಗಲ ಇಟ್ಟಿದ್ದೀರಿ?" ಎಂದು ಕೇಳುವ ಒಬ್ಬ ಹುಡುಗ, ಒಬ್ಬಳು ಹುಡುಗಿ ಈ ಶಾಲೆಯಿಂದ ಹೋಗಬೇಕು. ಜಾತ್ರೆಯೂ ಉಳಿಯಬೇಕು, ಜನರೂ ಉಳಿಯಬೇಕು.

ಇನ್ನು ಮರದ ಮಾತು. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಯಂತ್ರ ಬರುವ ಪೆಟ್ಟಿಗೆಗಳ ಪೈನ್ ಹಲಗೆ ಗುಜರಿಯಲ್ಲಿ ಸಿಗುತ್ತದೆ. ಹೊರದೇಶದಿಂದ ಬಂದ ಹಲಗೆಯ ಮೇಲೆ ಒಂದು ಮುದ್ರೆ ಇರುತ್ತದೆ. 'ಎಚ್‌ಟಿ' ಎಂದಿದ್ದರೆ ಹುಳು ಸಾಯಲೆಂದು ಬಿಸಿ ಮಾಡಿದ ಮರ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದು. ಎಂಬಿ ಮರವನ್ನು ಮಕ್ಕಳ ಆಟಿಕೆಗೆ ನಾನು ಮುಟ್ಟುವುದಿಲ್ಲ. ಬಿಟ್ಟಿಯಾಗಿ ಕೊಟ್ಟರೂ ಬೇಡ. ಆ ಎರಡಕ್ಷರದ ಅರ್ಥ ತಿಳಿದಿರುವುದೂ ವಿದ್ಯೆಯೇ.

ಶಾಲೆಗೆ ನನ್ನದೊಂದು ಬಿನ್ನಹ. ಮುರಿದ ಬೆಂಚುಗಳನ್ನು ಹರಾಜಿಗೆ ಹಾಕಬೇಡಿ. ಶನಿವಾರ ಮಧ್ಯಾಹ್ನ ನಾನು ಉಳಿ, ಸುತ್ತಿಗೆ, ಮೂಲೆಮಟ್ಟ ತಂದು ಬರುತ್ತೇನೆ. ಮೊಳೆಯಿಲ್ಲದೆ ಎರಡು ತುಂಡು ಮರ ಹೇಗೆ ಒಂದಕ್ಕೊಂದು ಕೂರುತ್ತವೆ ಎಂದು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ತೋರಿಸುತ್ತೇನೆ. ಬೆಂಚು ರಿಪೇರಿಯಾದ ಮೇಲೆ ಉಳಿದ ಹಲಗೆಯಲ್ಲಿ ಮೈದಾನಕ್ಕೊಂದು ಆನೆ ಮಾಡೋಣ. ಅದರ ಕಾಲಿನ ದಪ್ಪದ ಲೆಕ್ಕ ನೀವೇ ಹಾಕಿ ಕೊಡಬೇಕು.