ಕಂಪ್ರೆಸರಿಗೆ ಮಂಜು ಹಿಡಿದರೆ ಹಿಗ್ಗಬೇಡಿ
(ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಂಘದ ಹಾಲು ತಂಪು ಮಾಡುವ ತೊಟ್ಟಿಯ ಕಂಪ್ರೆಸರ್ ಕೆಟ್ಟು, ಒಂದು ಹೊತ್ತಿನ ಹಾಲೆಲ್ಲ ಹುಳಿಯಾದ ಸಂಗತಿ ತಮಗೆ ಗೊತ್ತೇ ಇದೆ. ಅದಕ್ಕೆ ಎರಡು ದಿನ ಮೊದಲು ನಾನೂ ಆ ಕೋಣೆಗೆ ಹೋಗಿದ್ದೆ. ಕಂಪ್ರೆಸರಿನ ಮೈಮೇಲೆಲ್ಲ ಬಿಳಿಯ ಮಂಜು. "ನೋಡಿ ಸ್ವಾಮಿ, ಎಷ್ಟು ಚೆನ್ನಾಗಿ ತಂಪು ಮಾಡ್ತಿದೆ!" ಎಂದರು ಅಲ್ಲಿದ್ದವರು. ನಾನೂ ತಲೆಯಾಡಿಸಿ ಬಂದೆ. ನಾನು ಓದಿದ್ದು ಬೇಸಾಯ. ಯಂತ್ರದ ವಿಷಯ ಆಮೇಲೆ ಮೆಕ್ಯಾನಿಕರ ಪಕ್ಕದಲ್ಲಿ ಕುಳಿತು ಕಲಿತದ್ದು.

ಕೆಚ್ಚಲಿನಿಂದ ಬಂದ ಹಾಲು ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು. ಇದಕ್ಕಾಗಿ ತೊಟ್ಟಿಯ ತಳದಡಿ ಒಂದು ದ್ರವ ಹರಿಯುತ್ತದೆ. ಮೆಕ್ಯಾನಿಕರು ಅದನ್ನು ಗ್ಯಾಸ್ ಎನ್ನುತ್ತಾರೆ. ಆರ್-22 ಎಂಬ ಗ್ಯಾಸನ್ನು ಬಯಲಿಗೆ ಬಿಟ್ಟರೆ ಸೊನ್ನೆಗಿಂತ ಸುಮಾರು 41 ಡಿಗ್ರಿ ಕೆಳಗೇ ಕುದಿಯುತ್ತದೆ! ಹಾಲಿನ ಕಾವನ್ನು ಹೀರಿ, ಕುದಿದು, ಆವಿಯಾಗಿ ಅದು ಕಂಪ್ರೆಸರಿಗೆ ಮರಳಬೇಕು. ಆವಿಯನ್ನು ಒತ್ತಿ ಕುಗ್ಗಿಸಬಹುದು, ದ್ರವ ಜಗ್ಗುವುದಿಲ್ಲ. ಕುದಿಯದೆ ಉಳಿದ ದ್ರವ ಒಳಹೊಕ್ಕರೆ ಮೊದಲು ಎಣ್ಣೆಯನ್ನು ತೊಳೆದುಹಾಕುತ್ತದೆ. ಕೀಲೆಣ್ಣೆಯಿಲ್ಲದ ಗಾಡಿಯ ಅಚ್ಚಿನ ಪಾಡು ತಮಗೆ ಹೇಳಬೇಕೆ? ದ್ರವ ಹೆಚ್ಚಾದರೆ ವಾಲ್ವಿನ ತಗಡೇ ಮುರಿಯುತ್ತದೆ. ನಮ್ಮಲ್ಲಿ ಆದದ್ದು ಇದೇ.

ದ್ರವವನ್ನು ಅಳೆದು ಬಿಡುವ ವಾಲ್ವಿಗೆ ಒಂದು ಪುಟ್ಟ ತಾಮ್ರದ ಬಲ್ಬ್ ಉಂಟು. ಅದನ್ನು ಕಂಪ್ರೆಸರಿಗೆ ಮರಳುವ ಕೊಳವೆಗೆ ಪಟ್ಟಿಯಿಂದ ಬಿಗಿದಿರುತ್ತಾರೆ. ನಮ್ಮಲ್ಲಿ ಆ ಪಟ್ಟಿ ಸಡಿಲವಾಗಿತ್ತು. ಬಲ್ಬಿಗೆ ಕೊಳವೆಯ ತಣುಪು ತಾಗದೆ ಕೋಣೆಯ ಬಿಸಿಗಾಳಿ ತಾಗಿತು. ವಾಲ್ವು ಬಾಯಿ ತೆರೆದೇ ಇತ್ತು. ಹಾಲು ಕಲಕುವ ರೆಕ್ಕೆ ನಿಂತರೂ, ಆ ರೆಕ್ಕೆ ಮುಳುಗುವಷ್ಟು ಹಾಲು ಬೀಳುವ ಮೊದಲೇ ಯಂತ್ರ ಹಾಕಿದರೂ ತಳದ ಹಾಲು ಗಡ್ಡೆಗಟ್ಟುತ್ತದೆ. ಆಗಲೂ ದ್ರವಕ್ಕೆ ಕುದಿಯಲು ಬೇಕಾದ ಕಾವು ಸಿಗದು.

ಇನ್ನೊಂದು ಮಾತು. ಕರೆಂಟು ಉಳಿಸಲೆಂದು ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸುವವರಿದ್ದಾರೆ. ಕಂಪ್ರೆಸರಿನ ಬುಡದಲ್ಲಿ ಎಣ್ಣೆ ಬೆಚ್ಚಗಿಡುವ ಹೀಟರ್ ಇದ್ದರೆ ಅದೂ ಆರುತ್ತದೆ. ತಣ್ಣಗಾದ ಎಣ್ಣೆಯೊಳಗೆ ಗ್ಯಾಸ್ ಸೇರಿಕೊಂಡು, ಬೆಳಿಗ್ಗೆ ಯಂತ್ರ ಹಾಕಿದೊಡನೆ ಎಣ್ಣೆ ನೊರೆಯೇಳುತ್ತದೆ. ಕರೆಂಟು ಬಹಳ ಹೊತ್ತು ಹೋಗಿದ್ದರೆ ಹೀಟರ್ ಎಷ್ಟು ಹೊತ್ತು ಕಾಯಬೇಕೆಂದು ಮೆಕ್ಯಾನಿಕರನ್ನು ಕೇಳಿ, ಬರೆದು, ಗೋಡೆಗೆ ಅಂಟಿಸಿರಿ.

ಮರಳುವ ಕೊಳವೆ ತಣ್ಣಗಿದ್ದು ಬೆವರುವುದು ಸಹಜ. ಕಂಪ್ರೆಸರಿನ ಮೈಗೇ ಮಂಜು ಹತ್ತಿತು, ಒಳಗಿನಿಂದ ಕಟಕಟ ಸದ್ದು ಬಂತು ಎಂದರೆ ಯಂತ್ರ ನಿಲ್ಲಿಸಿ. ಟ್ಯಾಂಕರಿಗೂ ಮೆಕ್ಯಾನಿಕರಿಗೂ ಕೂಡಲೇ ಹೇಳಿಕಳಿಸಿ. ಬಂದವರು ಗ್ಯಾಸ್ ತುಂಬಿಸುವ ಮಾತೆತ್ತಿದರೆ, ಮೊದಲು ಆ ಬಲ್ಬಿನ ಪಟ್ಟಿಯನ್ನು ತೋರಿಸಿರಿ.